ಗೋಣಿಯ ಕೆಳಗಿನ ಕೈ

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಮನೆ ಅನ್ನುವುದು ಹಿಂದಿನ ಅರ್ಧ ಮಾತ್ರ. ಮುಂದಿನ ಅರ್ಧ ಅಕ್ಕಿ ಗೋದಾಮು. ಬೀದಿ ಬಾಗಿಲಿನಿಂದ ಬಂದವರು ಎರಡೂ ಬದಿಗೆ ಸೂರು ಮುಟ್ಟುವಂತೆ ಪೇರಿಸಿದ ಮೂಟೆಗಳ ನಡುವೆ ಮೈ ಓರೆ ಮಾಡಿಕೊಂಡು ನಡೆಯಬೇಕಿತ್ತು. ನಡುಬಾಗಿಲು ದಾಟಿದ ಮೇಲೆಯೇ ಅಡುಗೆಮನೆಯ ಹೊಗೆ, ಅಜ್ಜಿಯ ವಿಭೂತಿಯ ವಾಸನೆ, ತೊಟ್ಟಿಯ ಮೇಲಿನ ಒಂದು ಚೌಕ ಆಕಾಶ. ನಾವು ಉಣ್ಣುವಾಗ, ಓದುವಾಗ, ಜ್ವರ ಬಂದು ಮಲಗಿದಾಗ ಗೋಡೆಯಾಚೆ ಮೂಟೆ ಬೀಳುವ ಸದ್ದು ಕೇಳುತ್ತಲೇ ಇರುತ್ತಿತ್ತು. ನನ್ನ ಬಟ್ಟೆ, ತಲೆಕೂದಲು, ಪುಸ್ತಕದ ಹಾಳೆ ಎಲ್ಲಕ್ಕೂ ಗೋಣಿಯ ವಾಸನೆ. ಶಾಲೆಯಲ್ಲಿ ಪಕ್ಕದ ಹುಡುಗ ನನ್ನನ್ನು ಚನ್ನ ಎಂದು ಕರೆದದ್ದೇ ಇಲ್ಲ, ಮೂಟೆ ಎಂದೇ ಕರೆಯುತ್ತಿದ್ದ. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ ನನಗೆ ಬರೆದು ಅಭ್ಯಾಸವಿಲ್ಲ. ಆದರೂ ಈ ಮನೆಯ ಬಗ್ಗೆ ಬರೆಯುವಾಗ ಒಂದು ಮೂಲೆಯನ್ನು ಬಿಟ್ಟುಬಿಟ್ಟರೆ ಬರೆದದ್ದೆಲ್ಲ ಸುಳ್ಳಾಗುತ್ತದೆ. ನಡುಬಾಗಿಲಿನ ಹೊರಗೆ, ಎಡಗಡೆಯ ಕಂಬದ ಬುಡದಲ್ಲಿ ಮೂರಡಿ ಜಾಗವಿತ್ತು. ಅದು ನಮ್ಮ ನಾಯಿ ಜಮಾದಾರನ ಜಾಗ. ಆ ನಾಯಿ ನಡೆಯಲಾರದೆ ಹೋದದ್ದು ನನ್ನಿಂದ. ಈ ಮಾತನ್ನು ಈವರೆಗೆ ಯಾರಿಗೂ ಹೇಳಿಲ್ಲ. ಕೇಳಬೇಕಾಗಿದ್ದವರು ಈಗ ಯಾರೂ ಉಳಿದಿಲ್ಲ.

ಅಪ್ಪ ಬೆಳಿಗ್ಗೆ ಲಿಂಗಪೂಜೆ ಮುಗಿಸದೆ ನೀರು ಸಹ ಮುಟ್ಟುತ್ತಿರಲಿಲ್ಲ. ಪೂಜೆ ಮುಗಿಸಿ ಹಣೆಯ ಮೇಲೆ ಮೂರು ಗೆರೆ ವಿಭೂತಿ ಒಣಗುವ ಮುಂಚೆಯೇ ಗೋದಾಮಿನ ಗಾದಿಯ ಮೇಲೆ ಕೂತಿರುತ್ತಿದ್ದರು. ಅಕ್ಕಿಯ ಒಂದು ಕಾಳನ್ನು ಹಲ್ಲಿನ ನಡುವೆ ಕಚ್ಚಿ, ಅದು ಮುರಿಯುವ ಸದ್ದಿನ ಮೇಲೆ ತೇವ ಎಷ್ಟಿದೆ, ಹೊಸದೋ ಹಳೆಯದೋ ಹೇಳುತ್ತಿದ್ದರು. ವ್ಯಾಪಾರದ ಮುಖ್ಯ ಮಾತು ಬಾಯಲ್ಲಿ ಆಗುತ್ತಿರಲಿಲ್ಲ. ಅಪ್ಪನೂ ಕೊಳ್ಳುವವರೂ ಎದುರುಬದುರು ಕೂತು, ಇಬ್ಬರ ಕೈ ಮೇಲೂ ಒಂದು ಟವೆಲ್ ಹಾಕಿಕೊಂಡು, ಅದರ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಿದ್ದರು. ಟವೆಲ್ಲಿನ ಮೇಲೆ ಮಳೆಯ ಮಾತು, ಮಗಳ ಮದುವೆಯ ಮಾತು. ಮುಖದಲ್ಲಿ ಏನೂ ಇರಬಾರದು. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ನಾನು ಚಿಕ್ಕವನಿದ್ದಾಗಿನಿಂದ ಅದನ್ನು ನೋಡಿ ನೋಡಿ, ದೊಡ್ಡವರಾಗುವುದು ಅಂದರೆ ಇದೇ ಅಂದುಕೊಂಡಿದ್ದೆ. ಕೈ ಒಂದು ಹೇಳುತ್ತಿರುವಾಗ ಮುಖವನ್ನು ಸುಮ್ಮನೆ ಇಟ್ಟುಕೊಳ್ಳುವುದು. ಅಪ್ಪ ಯಾರ ಮಾತನ್ನೂ ಹಾಗೇ ನಂಬುತ್ತಿರಲಿಲ್ಲ. ಅಮ್ಮ ಸಾರಿಗೆ ಉಪ್ಪು ಹಾಕಿದ್ದೇನೆ ಅಂದರೂ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೋಡುತ್ತಿದ್ದರು. ನನ್ನ ಮಾತಂತೂ ಅವರ ಲೆಕ್ಕಕ್ಕೇ ಇರಲಿಲ್ಲ. "ಇವನಿಗೆ ಒಂದು ಕೆಲಸ ಹೇಳಿದ್ರೆ ಎರಡು ಕೆಲಸ ಆಗುತ್ತೆ," ಎಂದು ಬಂದವರ ಎದುರಿಗೇ ಹೇಳಿ ನಗುತ್ತಿದ್ದರು.

ಅಕ್ಕಿ ಇದ್ದ ಕಡೆ ಇಲಿ ಇರುತ್ತದೆ. ಬೇರೆಯವರು ಪಾಷಾಣ ಇಡುತ್ತಿದ್ದರು, ಬೋನು ಇಡುತ್ತಿದ್ದರು. ನಮ್ಮ ಅಜ್ಜಿ ಎರಡಕ್ಕೂ ಒಪ್ಪಲಿಲ್ಲ. ಊಟ ಮುಗಿದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಲ್ಲಿ ತೊಳೆದು, ಆ ನೀರನ್ನೂ ಕುಡಿಯಬೇಕು ಅನ್ನುವ ಮನೆ ನಮ್ಮದು. ಪ್ರಸಾದದ ಅಗುಳು ಕೂಡ ಹಾಳಾಗಬಾರದು. ಅಂಥ ಅಕ್ಕಿಯ ಪಕ್ಕ ವಿಷ ಇಡುವುದೆಂದರೇನು ಎಂದು ಅಜ್ಜಿ ಕೇಳುತ್ತಿದ್ದಳು. ಬೋನಿನಲ್ಲಿ ಸಿಕ್ಕಿದ್ದನ್ನು ನಮ್ಮ ಕೈಯಿಂದ ಕೊಲ್ಲುವವರು ಯಾರು ಎಂದೂ ಕೇಳುತ್ತಿದ್ದಳು. ಆಗ ಮದ್ದೂರು ಕಡೆಯಿಂದ ಅಕ್ಕಿ ತರುತ್ತಿದ್ದ ಲಾರಿಯವನೊಬ್ಬ ಒಂದು ಕಂದು ಬಣ್ಣದ ಮರಿಯನ್ನು ತಂದುಕೊಟ್ಟ. ಉದ್ದ ಕಾಲು, ಸಣ್ಣ ಸೊಂಟ, ಎಷ್ಟು ಹಾಕಿದರೂ ಮೈಗೆ ಹತ್ತದ ಜಾತಿ. ದಿನವೂ ಎರಡು ಹೊತ್ತು ಗೋದಾಮಿನ ಒಂದೊಂದು ಮೂಲೆಯನ್ನೂ ಮೂಸಿ ನೋಡಿ ಬರುತ್ತಿದ್ದುದರಿಂದ ನಮ್ಮ ಹಮಾಲಿಗಳ ಮೇಸ್ತ್ರಿ ಮುನಿಯಪ್ಪ ಅದಕ್ಕೆ ಜಮಾದಾರ ಎಂದು ಹೆಸರಿಟ್ಟ. ಹೆಸರು ನಿಂತಿತು.

ಅದರ ಕೆಲಸ ನೋಡುವುದೇ ಒಂದು ಚಂದ. ಹಮಾಲಿಗಳು ಮೂಟೆಗಳ ಅಟ್ಟಿ ಕೀಳುವ ದಿನ, ಕೊನೆಯ ಸಾಲಿನವರೆಗೂ ಜಮಾದಾರ ಸಾಲುಗಳ ನಡುವಿನ ಓಣಿಯ ತುದಿಯಲ್ಲಿ ಒಂದು ಮುಂಗಾಲು ಎತ್ತಿಕೊಂಡು ಕಂಬದಂತೆ ನಿಂತಿರುತ್ತಿತ್ತು. ಮುನಿಯಪ್ಪ ಮೂಟೆ ಎಳೆಯುವ ಕೊಕ್ಕೆಯಿಂದ ನೆಲಕ್ಕೆ ಎರಡು ಸಲ ಬಡಿದು ಕಡೆಯ ಮೂಟೆ ಎತ್ತುತ್ತಿದ್ದ. ಇಲಿ ಗೋಡೆಗುಂಟ ಓಡುವುದಕ್ಕೂ ಜಮಾದಾರ ಹಿಂಗಾಲಿನ ಮೇಲೆ ಗಿರಕ್ಕನೆ ತಿರುಗಿ ಬೀಳುವುದಕ್ಕೂ ನಡುವೆ ಕಣ್ಣು ಮಿಟುಕಿಸಲೂ ಸಮಯವಿರುತ್ತಿರಲಿಲ್ಲ. ಬಾಯಲ್ಲಿ ಹಿಡಿದು ಒಂದು ಸಲ ಕೊಡವಿ, ಸತ್ತದ್ದನ್ನು ನೆಲಕ್ಕೆ ಹಾಕಿ, ಮುಂದಿನದಕ್ಕೆ ನಿಂತುಬಿಡುತ್ತಿತ್ತು. ತಿನ್ನುತ್ತಿರಲಿಲ್ಲ. ಅಜ್ಜಿ ಅದಕ್ಕೆ ಮೊಸರನ್ನ, ಮುದ್ದೆ ಹಾಕಿ ಬೆಳೆಸಿದ್ದಳು.

"ನಮ್ಮ ಮನೆ ನಾಯಿ ಮಾಂಸ ಮುಟ್ಟಲ್ಲ," ಎಂದು ಅಜ್ಜಿ ನೆರೆಯವರ ಮುಂದೆ ಹೇಳಿಕೊಳ್ಳುತ್ತಿದ್ದಳು.

"ಹೌದಜ್ಜಿ, ಮುಟ್ಟಲ್ಲ. ಬರೀ ಕೊಲ್ಲುತ್ತೆ," ಎಂದು ಮುನಿಯಪ್ಪ ತಲೆ ತಗ್ಗಿಸಿ ಹೇಳುತ್ತಿದ್ದ.

ಅದಕ್ಕೆ ಎರಡು ವರ್ಷವೂ ತುಂಬಿರಲಿಲ್ಲ. ಒಂದು ಮಧ್ಯಾಹ್ನ ಹಿಂಬದಿಯ ಅಟ್ಟಿ ಕೀಳುತ್ತಿದ್ದಾಗ ಒಂದು ಹೆಗ್ಗಣ ಕೆಳಗೆ ಓಡದೆ ಮೂಟೆಗಳ ಮೇಲಕ್ಕೆ ಹತ್ತಿತು. ಜಮಾದಾರ ಅದರ ಹಿಂದೆ ಹಾರಿ, ಮೇಲಿನಿಂದ ಅದನ್ನು ಕಚ್ಚಿಕೊಂಡೇ ಕೆಳಗೆ ಬಿತ್ತು. ಮೂಟೆಯ ಅಡಿಗೆ ತೇವ ತಾಗದಂತೆ ಹಾಕಿದ ಹಲಗೆಗಳ ಸಂದಿನಲ್ಲಿ ಬಲ ಹಿಂಗಾಲು ಸಿಕ್ಕಿತು, ಮೈ ಮಾತ್ರ ಅತ್ತ ತಿರುಗಿತು. ಒಂದೇ ಒಂದು ಸಲ ಕೂಗಿತು. ನಾನು ಓಡಿ ಬರುವಷ್ಟರಲ್ಲಿ ಮೂರು ಕಾಲಿನ ಮೇಲೆ ನಿಂತು, ಸತ್ತ ಹೆಗ್ಗಣವನ್ನು ಮುಂದೆ ಹಾಕಿಕೊಂಡು ನಮ್ಮೆಲ್ಲರ ಮುಖ ನೋಡುತ್ತಿತ್ತು. ಬಲಗಾಲಿನ ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತಿತ್ತು.

"ಉಳುಕಿದೆ ಅಷ್ಟೆ ಸಾವ್ಕಾರ್ರೆ," ಎಂದ ಮುನಿಯಪ್ಪ. "ನಮ್ಮ ಹುಡುಗ್ರಿಗೆ ತಿಂಗಳಿಗೊಂದು ಸಲ ಆಗೋದೇ. ನಾನೇ ಎಳೆದು ಕೂರಿಸ್ತೀನಿ."

ಹಮಾಲಿಗಳು ಒಬ್ಬರ ಉಳುಕನ್ನು ಒಬ್ಬರು ತೆಗೆದುಕೊಳ್ಳುತ್ತಿದ್ದರು. ಅದು ಅವರ ಕಸುಬಿನ ಭಾಗವೇ ಆಗಿತ್ತು. ಮುನಿಯಪ್ಪ ಬಿಸಿ ಹರಳೆಣ್ಣೆ ಹಚ್ಚಿ, ಪಾದ ಹಿಡಿದು, ಮನುಷ್ಯರ ಕಾಲು ಎಳೆದಂತೆಯೇ ಎಳೆದ. ಜಮಾದಾರ ಅವನ ಮಣಿಕಟ್ಟನ್ನು ಬಾಯಲ್ಲಿ ಹಿಡಿದುಕೊಂಡಿತು. ಕಚ್ಚಲಿಲ್ಲ, ಸುಮ್ಮನೆ ಹಿಡಿದುಕೊಂಡಿತ್ತು. ಹೀಗೆ ಹತ್ತು ದಿನ ಎಳೆದೆವು. ಎಳೆದಷ್ಟೂ ಕಾಲು ಸಡಿಲವಾಗುತ್ತಿದೆ, ಒಳ್ಳೆಯ ಲಕ್ಷಣ ಎಂದು ಮುನಿಯಪ್ಪ ಹೇಳಿದ. ನಾವೂ ನಂಬಿದೆವು. ಹನ್ನೊಂದನೆಯ ದಿನ ಮೊಣಕಾಲು ನಿಂಬೆಹಣ್ಣಿನಷ್ಟು ಊದಿಕೊಂಡಿತು. ಅಪ್ಪ ಜಟಕಾ ಕರೆಸಿ, ನಾಯಿಯನ್ನು ನನ್ನ ತೊಡೆಯ ಮೇಲೆ ಹಾಕಿ, ಪ್ರಾಣಿಗಳ ಆಸ್ಪತ್ರೆಗೆ ಹೊರಟರು.

ಡಾಕ್ಟರು ವಯಸ್ಸಾದವರು, ಮೆಲುದನಿಯವರು. ನಾಯಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಒಂದು ಕೈಯಲ್ಲಿ ತೊಡೆ, ಇನ್ನೊಂದರಲ್ಲಿ ಮೊಣಕಾಲಿನ ಕೆಳಗಿನ ಮೂಳೆ ಹಿಡಿದು ಮೆಲ್ಲಗೆ ಮುಂದಕ್ಕೆ ತಳ್ಳಿದರು. ಮೇಜಿನ ಖಾನೆ ಹೊರಗೆ ಬಂದಂತೆ ಆ ಮೂಳೆ ಮುಂದಕ್ಕೆ ಬಂತು.

"ಇದು ಉಳುಕಲ್ಲ. ಮೂಳೆ ಎರಡೂ ಚೆನ್ನಾಗೇ ಇದೆ, ಅವೆರಡನ್ನೂ ಹಿಡಿದಿರೋ ಒಳಗಿನ ಕಟ್ಟು ಹರಿದುಹೋಗಿದೆ. ಎಳೆದ್ರಾ?"

ಅಪ್ಪ ನಾಯಿಯ ಕಾಲಿಗೆ ಹತ್ತಿದ್ದ ಹರಳೆಣ್ಣೆಯನ್ನು ಹೆಬ್ಬೆರಳಿನಿಂದ ಒರೆಸಿದರು.

"ಆಗಿದ್ದು ಆಯ್ತು. ಹರಿದಿದ್ದು ಮತ್ತೆ ಸೇರಲ್ಲ. ಆದ್ರೆ ಅಲ್ಲಾಡದ ಹಾಗೆ ಇಟ್ರೆ ಸುತ್ತಲಿನ ಮಾಂಸ ಗಟ್ಟಿಯಾಗಿ ಕಾಲು ನಿಲ್ಲುತ್ತೆ. ಚಿಕ್ಕ ವಯಸ್ಸು, ಹಗುರ ಮೈ. ಕಟ್ಟಿಹಾಕಿ ಇಡಬೇಕು. ಓಟ ಇಲ್ಲ, ಹಾರಾಟ ಇಲ್ಲ, ಮೆಟ್ಟಿಲು ಇಲ್ಲ. ಹೊರಗೆ ಕರ್ಕೊಂಡು ಹೋಗುವಾಗ ಹೊಟ್ಟೆ ಕೆಳಗೆ ಟವೆಲ್ ಹಾಕಿ ಹಿಂದಿನ ಭಾರ ನೀವು ಎತ್ತಿಕೊಳ್ಳಬೇಕು. ಮೂರು ತಿಂಗಳಾದರೂ ಬೇಕು." ಆಮೇಲೆ ನನ್ನ ಕಡೆ ತಿರುಗಿದರು. "ಸ್ವಲ್ಪ ದಿನಕ್ಕೇ ನೋವು ಹೋಗುತ್ತೆ, ನಾಯಿ ಕುಣಿಯೋಕೆ ಶುರು ಮಾಡುತ್ತೆ. ಎಲ್ಲರೂ ಮೋಸ ಹೋಗೋದು ಅಲ್ಲೇ. ನಡೆಯೋದನ್ನ ನೋಡಬೇಡ ಮರಿ, ಕೂರೋದನ್ನ ನೋಡು. ಈಗ ಬಲಗಾಲನ್ನ ಹೊರಗೆ ಚಾಚಿ ಕೂರುತ್ತೆ, ಮಡಚೋಕೆ ಆಗಲ್ಲ ಅದಕ್ಕೆ. ಎರಡೂ ಕಾಲು ಸಮ ಮಡಚಿ ನೆಟ್ಟಗೆ ಕೂರೋವರೆಗೆ ಬಿಚ್ಚಬೇಡ. ಮುಂಚೆ ಬಿಚ್ಚಿದ್ರೆ ಇನ್ನೊಂದು ಕಾಲಿನ ಮೇಲೆ ಭಾರ ಬಿದ್ದು ಅದೂ ಹೋಗುತ್ತೆ. ಆಮೇಲೆ ನನ್ನ ಹತ್ರ ಬಂದೂ ಪ್ರಯೋಜನ ಇಲ್ಲ."

ವಾಪಸು ಬರುವಾಗ, ಜಟಕಾ ನಮ್ಮ ಬೀದಿಗೆ ತಿರುಗುತ್ತಿದ್ದಂತೆ ಅಪ್ಪ ಹೇಳಿದರು.

"ಡಾಕ್ಟರು ನಿನಗೆ ಹೇಳಿದ್ದು, ನನಗಲ್ಲ. ಇದರ ಕಾಲು ನಿನ್ನ ಜವಾಬ್ದಾರಿ. ನೀನು ಸರಿಯಾಯ್ತು ಅಂದ ದಿನ ಬಿಚ್ಚೋಣ."

ಉಪ್ಪಿನ ರುಚಿಯನ್ನೂ ತಾವೇ ನೋಡುತ್ತಿದ್ದ ಮನುಷ್ಯ ನನಗೆ ಹೇಳಿದ ಮಾತು ಅದು. ನನಗಾಗ ಹನ್ನೊಂದು ವರ್ಷ. ಆ ರಾತ್ರಿಯ ಊಟಕ್ಕೆ ನಾನು ಅಪ್ಪನ ಪಕ್ಕದ ಮಣೆಯ ಮೇಲೆ ಕೂತೆ, ಯಾರೂ ಏಳು ಅನ್ನಲಿಲ್ಲ.

ಮೊದಲ ಮೂರು ವಾರ ನಾನು ಒಳ್ಳೆಯ ಹುಡುಗನಾಗಿದ್ದೆ. ಬೆಳಿಗ್ಗೆ ಶಾಲೆಗೆ ಮುಂಚೆ, ಮಧ್ಯಾಹ್ನ ಊಟಕ್ಕೆ ಬಂದಾಗ, ಸಂಜೆ ಎರಡು ಸಲ, ಅಮ್ಮ ಕೊಟ್ಟ ಹಳೆಯ ಟವೆಲನ್ನು ಹೊಟ್ಟೆಯ ಕೆಳಗೆ ತೂರಿಸಿ, ಎರಡೂ ತುದಿ ಮೇಲಕ್ಕೆ ಹಿಡಿದು ಬೀದಿಯ ಕೊನೆಯ ಖಾಲಿ ಸೈಟಿಗೆ ನಡೆಸಿಕೊಂಡು ಹೋಗುತ್ತಿದ್ದೆ. ಕಂಬದ ಬುಡದಲ್ಲಿ ನಾಲ್ಕು ಗೋಣಿ ಮಡಚಿ ಹಾಸಿದ್ದೆ. ಅಜ್ಜಿ ಮಡಿಯಲ್ಲಿ ಓಡಾಡುವ ನಡುಮನೆಗೆ ಅದು ಹತ್ತಿರವಾದ್ದರಿಂದ ದಿನಾ ಗೊಣಗಾಟ. ಗೊಣಗಿಕೊಂಡೇ ನಡುಬಾಗಿಲಿನ ಹೊಸ್ತಿಲಿನ ಒಳಗೆ ನಿಂತು, ಕೈ ಚಾಚಿ, ಮೊಸರನ್ನದ ತಟ್ಟೆಯನ್ನು ಹೊರಗೆ ಇಡುತ್ತಿದ್ದಳು. ಜಮಾದಾರನ ಬಲತೊಡೆ ದಿನೇ ದಿನೇ ಸಣ್ಣಗಾಗಿ ನನ್ನ ಮಣಿಕಟ್ಟಿನಷ್ಟಾಯಿತು. ಆದರೂ ಊತ ಇಳಿಯಿತು. ನಾಲ್ಕನೆಯ ವಾರಕ್ಕೆ ಡಾಕ್ಟರು ಹೇಳಿದಂತೆಯೇ ಅದು ಕಟ್ಟಿದಲ್ಲೇ ಕುಣಿಯತೊಡಗಿತು.

ನನಗೆ ಬೇಸರ ಬಂದದ್ದೂ ಆಗಲೇ. ಬೇರೆ ದೊಡ್ಡ ಕಾರಣವೇನೂ ಇಲ್ಲ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಸಂಜೆ ನಮ್ಮ ಬೀದಿಯ ಹುಡುಗರೆಲ್ಲ ಮೈದಾನಕ್ಕೆ ಕ್ರಿಕೆಟ್ ಆಡಲು ಹೋಗುತ್ತಿದ್ದರು. ನಾನು ಟವೆಲ್ ಹಿಡಿದು ಎದುರಿಗೆ ಬರುತ್ತಿದ್ದೆ.

"ಏನೋ ಮೂಟೆ, ನಾಯಿಗೆ ಲಂಗೋಟಿ ಕಟ್ಟಿದೀಯ?"

"ಲಂಗೋಟಿ ಅಲ್ವೋ, ತಳ್ಳೋ ಗಾಡಿ. ಹಿಂದಿನ ಚಕ್ರ ಪಂಕ್ಚರ್ ಆಗಿದೆ."

"ಪಕ್ಕದ ಬೀದಿಯವರ ಮೇಲೆ ಮ್ಯಾಚ್ ಇದೆ ಕಣೋ. ದಿನಾ ಬಂದ್ರೆ ಸೇರಿಸ್ಕೋತೀವಿ. ಇಲ್ಲಾಂದ್ರೆ ನಿನ್ನ ನಾಯಿ ಜೊತೆ ಆಡ್ಕೋ."

ಅವರು ಕೆಟ್ಟವರಾಗಿರಲಿಲ್ಲ. ನನಗೆ ಆ ಮ್ಯಾಚಿನಲ್ಲಿ ಸೇರಬೇಕಾಗಿತ್ತು, ಅಷ್ಟೆ.

ಗೋದಾಮಿನಲ್ಲಿ ಅಷ್ಟರಲ್ಲಿ ಇಲಿಗಳು ಹೆಚ್ಚಿದ್ದವು. ಮೂಟೆಗಳ ಮೂಲೆ ಹರಿದು ನೆಲದ ಮೇಲೆ ಅಕ್ಕಿಯ ಸಣ್ಣ ಸಣ್ಣ ಗುಡ್ಡೆ. ಹಿಕ್ಕೆ ಬಿದ್ದಿದೆ ಎಂದು ಹಳೆಯ ಗಿರಾಕಿಯೊಬ್ಬರು ಮೂಟೆ ವಾಪಸು ಕಳಿಸಿದರು. ಆ ದಿನ ಊಟದ ಹೊತ್ತಿನಲ್ಲಿ ಅಪ್ಪ ಪಾಷಾಣದ ಮಾತೆತ್ತಿದರು. ಅಜ್ಜಿ ಅನ್ನ ಕಲಸುತ್ತಿದ್ದ ಕೈಯನ್ನು ನಿಲ್ಲಿಸಿದಳು.

"ಇಡು. ಇಟ್ಟ ದಿನದಿಂದ ನಾನು ಈ ಮನೆ ಅನ್ನ ಮುಟ್ಟಲ್ಲ."

"ಮತ್ತೇನು ಮಾಡ್ಲಿ ಅವ್ವ? ಮೂಟೆ ಮುಂದೆ ನಾನೇ ಬೊಗಳ್ತಾ ಕೂತ್ಕೊಳ್ಳಲಾ?"

"ಬೊಗಳೋದೇನೋ ಚೆನ್ನಾಗಿ ಬರುತ್ತೆ ನಿನಗೆ. ಹಿಡಿಯೋಕೆ ಬರಬೇಕಲ್ಲ."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು. ಅಪ್ಪ ನಗಲಿಲ್ಲ. ತಟ್ಟೆಗೆ ನೀರು ಹಾಕಿ, ತೊಳೆದು ಕುಡಿದು, ನನ್ನ ಕಡೆ ನೋಡಿದರು.

"ಹೇಗಿದೆ ಕಾಲು?"

ಏಳನೆಯ ವಾರ ಅದು. ಜಮಾದಾರ ಆ ದಿನ ಬೆಳಿಗ್ಗೆಯೂ ಬಲಗಾಲನ್ನು ಪಕ್ಕಕ್ಕೆ ಚಾಚಿಯೇ ಕೂತಿತ್ತು. ನಾನು ನೋಡಿದ್ದೆ. ದಿನಾ ನೋಡುತ್ತಿದ್ದೆ. ನೋಡುವುದೊಂದೇ ನನ್ನ ಕೆಲಸವಾಗಿತ್ತು.

"ಸರಿಹೋಗಿದೆ ಅಪ್ಪ," ಎಂದೆ.

"ನೆಟ್ಟಗೆ ಕೂರುತ್ತಾ?"

"ಕೂರುತ್ತೆ."

"ಸಾಯಂಕಾಲ ತೋರಿಸು."

ಸಂಜೆಯವರೆಗೆ ನನಗೆ ನಾಲ್ಕು ಗಂಟೆ ಸಮಯವಿತ್ತು. ಇಲ್ಲಪ್ಪ, ಇನ್ನೂ ಸ್ವಲ್ಪ ದಿನ ಬೇಕು ಅಂದಿದ್ದರೆ ಅಪ್ಪ ಬೈಯುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಅದು ಹೊಳೆಯಲಿಲ್ಲ ಎಂದರೆ ಸುಳ್ಳು. ಹೊಳೆದಿತ್ತು. ಆದರೆ ಸರಿಹೋಗಿದೆ ಎಂದ ಕೂಡಲೇ ಅಪ್ಪನ ಮುಖ ಒಂದಿಷ್ಟು ಹಗುರಾದದ್ದನ್ನು ನೋಡಿದ್ದೆ. ಅದನ್ನು ನಾನೇ ಮತ್ತೆ ಕೆಡಿಸಬೇಕಲ್ಲ ಅನ್ನಿಸಿತು. ಮೈದಾನವೂ ತಲೆಯಲ್ಲಿತ್ತು. ಶಾಲೆಯಿಂದ ಬಂದವನೇ ಕಂಬದ ಬುಡದಲ್ಲಿ ನಾಯಿಯ ಮೈಗೆ ಮೈ ತಾಗಿಸಿ ಕೂತೆ. ಚಳಿಯಿದೆ ಅನ್ನುವಂತೆ ಒಂದು ಗೋಣಿಯನ್ನು ಅದರ ಸೊಂಟದ ಮೇಲೆ, ನನ್ನ ತೊಡೆಯ ಮೇಲೆ ಎಳೆದುಕೊಂಡೆ. ಅಪ್ಪನ ಹೆಜ್ಜೆ ಕೇಳಿದಾಗ ಗೋಣಿಯ ಕೆಳಗೆ ಕೈ ಹಾಕಿ, ಚಾಚಿದ್ದ ಕಾಲನ್ನು ಮಡಚಿ, ಹೊಟ್ಟೆಯ ಕಡೆಗೆ ಒತ್ತಿ ಹಿಡಿದೆ. ನಾಯಿಯ ಮೈ ಒಂದು ಸಲ ನಡುಗಿತು. ಆಮೇಲೆ ಅದು ನನ್ನ ಕಿವಿ ನೆಕ್ಕಿತು. ನಾನು ಪ್ರೀತಿಯಿಂದ ಹಿಡಿದಿದ್ದೇನೆ ಅಂದುಕೊಂಡಿರಬೇಕು.

ಅಪ್ಪ ಎದುರಿಗೆ ಕುಕ್ಕರಗಾಲಲ್ಲಿ ಕೂತು ನೋಡಿದರು. ಎರಡು ಪಾದಗಳು ಗೋಣಿಯ ಅಂಚಿನಿಂದ ಸಮಸಮವಾಗಿ ಹೊರಗೆ ಕಾಣುತ್ತಿದ್ದವು. ಊರಿನವರ ಬೆರಳನ್ನೆಲ್ಲ ಬಟ್ಟೆಯ ಕೆಳಗೆ ಓದಿದವರು, ಮಗನ ಮೈಮೇಲಿನ ಗೋಣಿಯನ್ನು ಎತ್ತಿ ನೋಡಲಿಲ್ಲ. ನಾನು ಮುಖದಲ್ಲಿ ಏನೂ ಇಟ್ಟುಕೊಳ್ಳದೆ ಕೂತಿದ್ದೆ.

"ನೆಟ್ಟಗೇ ಕೂತಿದೆ," ಎಂದರು ಅಪ್ಪ.

"ಹೂಂ."

ಅಪ್ಪ ಏಳುವಾಗ ನನ್ನ ತಲೆಯ ಮೇಲೆ ಕೈ ಇಟ್ಟರು. "ಚೆನ್ನಾಗಿ ನೋಡ್ಕೊಂಡೆ ಕಣೋ," ಎಂದರು. ಅದಕ್ಕೆ ಮೊದಲು ಅವರು ನನ್ನನ್ನು ಹಾಗೆ ಮುಟ್ಟಿದ ನೆನಪಿಲ್ಲ. ಆ ಕೈಯ ಭಾರ ನನಗೆ ಇವತ್ತಿಗೂ ಹಿತವಾಗಿಯೇ ನೆನಪಾಗುತ್ತದೆ. ಇದನ್ನು ಬರೆಯುತ್ತಿರುವ ಈ ಹೊತ್ತಿಗೂ ಆ ಹಿತ ಹೋಗಿಲ್ಲ. ಪಶ್ಚಾತ್ತಾಪ ಪಟ್ಟಿದ್ದೇನೆ ಎಂದು ನನಗೆ ನಾನೇ ಎಷ್ಟು ಹೇಳಿಕೊಂಡರೂ, ಆ ಒಂದು ಕ್ಷಣವನ್ನು ವಾಪಸು ಕೊಟ್ಟುಬಿಡು ಎಂದರೆ ಕೊಡಲು ಮನಸ್ಸು ಬರುವುದಿಲ್ಲ.

ಮರುದಿನ ಸಂಜೆ ಹಿಂಬದಿಯ ಅಟ್ಟಿ ಕಿತ್ತರು. ನಾನು ಅಲ್ಲಿರಲಿಲ್ಲ, ಮೈದಾನದಲ್ಲಿದ್ದೆ. ಬ್ಯಾಟು ನನ್ನ ಕೈಗೆ ಬರುವ ಮುಂಚೆಯೇ ಕತ್ತಲಾಗಿ ಆಟ ನಿಂತಿತು. ಮನೆಗೆ ಬಂದಾಗ ಗೋದಾಮಿನಲ್ಲಿ ಕೆಲಸ ನಿಂತಿತ್ತು. ಹಮಾಲಿಗಳು ಮೂಟೆಯ ಮೇಲೆ ಕೂತಿದ್ದರು. ಜಮಾದಾರ ಓಣಿಯ ನಡುವೆ ಮುಂಗಾಲೂರಿ ಕೂತಿತ್ತು. ಹಿಂದಿನ ಎರಡೂ ಕಾಲು ಕಪ್ಪೆಯ ಕಾಲಿನಂತೆ ಆಚೀಚೆ ಬಿದ್ದಿದ್ದವು. ನನ್ನನ್ನು ಕಂಡು ಏಳಲು ನೋಡಿತು. ಮುಂದಿನ ಅರ್ಧ ಮಾತ್ರ ಎದ್ದಿತು.

"ಎರಡು ಹಿಡೀತು ಚಿಕ್ಕ ಯಜಮಾನ್ರೆ," ಎಂದು ಮುನಿಯಪ್ಪ ನನಗೆ ಸಮಾಧಾನ ಹೇಳುವಂತೆ ಹೇಳಿದ. "ಮೊದಲಿನ ಹಾಗೇ ಹಿಡೀತು. ಮೂರನೇದಕ್ಕೆ ತಿರುಗೋವಾಗ ಬಲಗಾಲು ಊರಲಿಲ್ಲ. ಪೂರಾ ಭಾರ ಎಡಗಾಲ ಮೇಲೇ ಹಾಕಿ ತಿರುಗಿಬಿಡ್ತು. ಅದೂ ಹೋಯ್ತು."

ಮತ್ತೆ ಜಟಕಾ, ಮತ್ತೆ ಆಸ್ಪತ್ರೆ. ಡಾಕ್ಟರು ಎರಡೂ ಮೊಣಕಾಲು ಹಿಡಿದು ನೋಡಿದರು. ಈ ಸಲ ಎರಡೂ ಖಾನೆಗಳು ಹೊರಗೆ ಬಂದವು.

"ಯಾಕೆ ಬಿಚ್ಚಿದ್ರಿ?"

"ನೆಟ್ಟಗೆ ಕೂತಿತ್ತು ಸ್ವಾಮಿ," ಎಂದರು ಅಪ್ಪ. "ನಾನೇ ಕಣ್ಣಾರೆ ನೋಡಿದೆ."

"ಏಳು ವಾರಕ್ಕೆ?"

"ಎರಡೂ ಕಾಲು ಸಮ ಇತ್ತು."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಿದ್ರೆ ನಾನು ಹೇಳಿದ್ದೇ ತಪ್ಪಿರಬೇಕು," ಎಂದರು. ಅಪ್ಪ, "ಇಲ್ಲ ಸ್ವಾಮಿ, ನಾನೇ ಆತುರ ಪಟ್ಟೆ," ಎಂದರು. ಇಬ್ಬರು ದೊಡ್ಡ ಮನುಷ್ಯರು ನನ್ನ ತಪ್ಪನ್ನು ಒಬ್ಬರ ಕೈಯಿಂದ ಒಬ್ಬರು ಇಸಿದುಕೊಳ್ಳುತ್ತಿದ್ದರು. ನಾನು ಟವೆಲ್ ಹಿಡಿದುಕೊಂಡು ಮೇಜಿನ ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತು ಸಾಕಾಗಿತ್ತು. ಅದರಿಂದ ಕಾಲು ವಾಪಸು ಬರುತ್ತಿರಲಿಲ್ಲ, ನಿಜ. ಆ ಇಬ್ಬರಿಗೆ ಅವರವರ ಕಣ್ಣಿನ ಮೇಲಿನ ನಂಬಿಕೆ ಮಾತ್ರ ವಾಪಸು ಸಿಗುತ್ತಿತ್ತು. ನಾನು ಆಡಲಿಲ್ಲ. ನೋವಿಲ್ಲದೆ ಮಲಗಿಸಿಬಿಡುವ ಸೂಜಿ ಇದೆ ಎಂದು ಡಾಕ್ಟರು ಹೇಳಿದರು. ಅಪ್ಪ ಬೇಡವೆಂದು ತಲೆಯಾಡಿಸಿದರು.

"ನಮ್ಮ ಮನೇಲಿ ದುಡಿದಿದ್ದು. ಇರೋಷ್ಟು ದಿನ ಇರಲಿ."

ಅದು ಇನ್ನೊಂದು ವರ್ಷಕ್ಕೂ ಹೆಚ್ಚು ಇತ್ತು. ಅಷ್ಟು ದಿನ ಹೇಗಿತ್ತು ಎಂದು ಬರೆಯುವುದು ಕಷ್ಟ. ಮೊದಲೆಲ್ಲ ತೆವಳಿಕೊಂಡು ಓಣಿಯ ತುದಿಯವರೆಗೆ ಹೋಗುತ್ತಿತ್ತು, ಸೊಂಟದ ಚರ್ಮ ಹುಣ್ಣಾದ ಮೇಲೆ ಅದೂ ನಿಂತಿತು. ಇಲಿಗಳಿಗೆ ಬಹಳ ಬೇಗ ಗೊತ್ತಾಯಿತು. ಹಗಲಲ್ಲೇ ಅದರ ಎದುರಿನಿಂದ ದಾಟಿ ಹೋಗುತ್ತಿದ್ದವು. ಆಗ ಜಮಾದಾರನ ಮೈಯೆಲ್ಲ ಕಿವಿಯಿಂದ ಬಾಲದವರೆಗೆ ನಡುಗುತ್ತಿತ್ತು. ಒಂದು ಮುಂಗಾಲು ತಾನಾಗಿಯೇ ಮೇಲಕ್ಕೆ ಏಳುತ್ತಿತ್ತು. ಅಷ್ಟೆ. ಕೊನೆಕೊನೆಗೆ ಅದರ ತಟ್ಟೆಯಿಂದಲೇ ಮೊಸರನ್ನ ತಿಂದುಹೋಗುತ್ತಿದ್ದವು. ನಡುಬಾಗಿಲು ದಾಟಿ ನಾಯಿಯ ಹತ್ತಿರ ಬಾರದಿದ್ದ ಅಜ್ಜಿ ಆಗ ಕೈಯಲ್ಲೊಂದು ಕೋಲು ಹಿಡಿದು ಹೊರಗೆ ಬಂದು, ಅದು ಉಂಡು ಮುಗಿಸುವವರೆಗೆ ಪಕ್ಕದಲ್ಲಿ ಕೂತಿರುತ್ತಿದ್ದಳು. ಎದ್ದು ಹೋಗಿ ಮತ್ತೆ ಸ್ನಾನ ಮಾಡುತ್ತಿದ್ದಳು.

ನಾನು ಹಿತ್ತಿಲ ಬಾಗಿಲಿನಿಂದ ಓಡಾಡಲು ಶುರು ಮಾಡಿದೆ. ಸಂದಿಯಲ್ಲಿ ಸುತ್ತಿ ಬಂದರೆ ಕಂಬದ ಹತ್ತಿರ ಹಾಯಬೇಕಾಗಿರಲಿಲ್ಲ. ತಪ್ಪಿ ಹಾದ ದಿನ ಅದು ಬಾಲ ಆಡಿಸುತ್ತಿತ್ತು. ಅಷ್ಟು ದಿನಗಳಲ್ಲಿ ಒಂದು ದಿನವಾದರೂ ಅದು ಬಾಲ ಆಡಿಸುವುದನ್ನು ಬಿಟ್ಟಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಟವೆಲ್ ಹಿಡಿದು ಹೊರಗೆ ಕರೆದುಕೊಂಡು ಹೋಗುವ ಕೆಲಸ ಮುನಿಯಪ್ಪನ ಪಾಲಿಗೆ ಬಂತು. ಹುಡುಗನಿಗೆ ನೋಡಲಾಗುತ್ತಿಲ್ಲ, ಮೆದು ಮನಸ್ಸು ಎಂದು ಅಮ್ಮ ಎಲ್ಲರಿಗೂ ಹೇಳಿದಳು. ಅದು ನನ್ನ ಗುಣ ಎಂದು ಮನೆಯಲ್ಲಿ ನಿಂತುಬಿಟ್ಟಿತು.

ಅಪ್ಪ ಬದಲಾದರು. ಇದನ್ನು ನಾನೊಬ್ಬನೇ ಗಮನಿಸಿದೆ ಎಂದು ತೋರುತ್ತದೆ. ಒಂದು ಕಾಳು ಕಚ್ಚುತ್ತಿದ್ದವರು ನಾಲ್ಕು ಕಾಳು ಕಚ್ಚಿ, ಆಮೇಲೂ, "ನೀನೊಂದು ನೋಡು ಮುನಿಯಪ್ಪ," ಎನ್ನುತ್ತಿದ್ದರು. ಟವೆಲ್ಲಿನ ಕೆಳಗೆ ಬೆರಳು ಹಿಡಿದಾಗ ಮುಖದಲ್ಲಿ ಒಂದು ಅನುಮಾನ ಕಾಣುತ್ತಿತ್ತು. ಎದುರಿನವರು ಅದನ್ನು ಓದಲು ಕಲಿತರು, ವ್ಯಾಪಾರ ಇಳಿಯುತ್ತಾ ಹೋಯಿತು. ಒಮ್ಮೆ ಅಜ್ಜಿಯ ಜೊತೆ ಜಗಳವಾದಾಗ ಅವಳು, "ಮಾತಿಲ್ಲದ ಪ್ರಾಣಿನ ಮೂಟೆ ಆಸೆಗೆ ಕುಂಟ ಮಾಡ್ದೆ," ಎಂದುಬಿಟ್ಟಳು. ಅಪ್ಪ ಎದ್ದು ಗೋದಾಮಿಗೆ ಹೋದರು. ನಾನು ತೊಟ್ಟಿಯ ಕಟ್ಟೆಯ ಮೇಲೆ ಮಗ್ಗಿ ಬರೆಯುತ್ತಾ ಕೂತಿದ್ದೆ. ಬರೆಯುತ್ತಲೇ ಇದ್ದೆ.

ಜಮಾದಾರ ಸತ್ತದ್ದು ಒಂದು ಸೋಮವಾರ ಬೆಳಿಗ್ಗೆ. ಮುನಿಯಪ್ಪ ಅದನ್ನು ಗೋಣಿಯಲ್ಲಿ ಸುತ್ತಿ ತಳ್ಳುಗಾಡಿಯಲ್ಲಿಟ್ಟು ಹೊರಟ. ಹಿಂದೆ ಅಪ್ಪ ಪೂಜೆ ಬಿಟ್ಟು ಬರಿಗಾಲಲ್ಲಿ ನಡೆದುಹೋದರು. ನನ್ನನ್ನೂ ಕರೆದರು. ಪರೀಕ್ಷೆ ಇದೆ ಎಂದೆ. ಪರೀಕ್ಷೆ ಇದ್ದದ್ದು ನಿಜ, ಮಧ್ಯಾಹ್ನಕ್ಕೆ.

ಆ ಮನೆಯಲ್ಲಿ ನಾನು ಕಲಿತದ್ದು ಏನು ಎಂದು ಯಾರಾದರೂ ಕೇಳಿದರೆ ಇದನ್ನೇ ಹೇಳಬೇಕು. ಮುಂದೆ ಒಂದು ಉಗ್ರಾಣದಲ್ಲಿ ಗುಮಾಸ್ತನಾಗಿ ಇಡೀ ಆಯುಷ್ಯ ಕಳೆದೆ. ಕೆಟ್ಟದ್ದನ್ನು ಸರಿಯಿದೆ ಎಂದು ಬರೆದು ರುಜು ಹಾಕುವಾಗ ನನ್ನ ಕೈ ಎಂದೂ ಹಿಂಜರಿಯಲಿಲ್ಲ. ಯಾರೂ ನನ್ನನ್ನು ಅನುಮಾನಿಸಲಿಲ್ಲ. ನಂಬಿಕಸ್ಥ ಎಂದು ಹೆಸರು ಬಂತು. ಹೆಂಡತಿಗೆ ಹೇಳಿದ ಸುಳ್ಳುಗಳು ಅವಳ ಜೊತೆಗೇ ಹೋದವು. ಚಾಮರಾಜಪೇಟೆಯ ಮನೆ ಈಗಿಲ್ಲ. ಆ ಜಾಗದಲ್ಲಿ ನಾಲ್ಕು ಮಹಡಿ ಎದ್ದಿದೆ, ಕೆಳಗೆ ಮೊಬೈಲ್ ಕವರ್ ಮಾರುತ್ತಾರೆ. ನಾನಿರುವುದು ವೈಯಾಲಿಕಾವಲ್‌ನ ಒಂದು ಬಾಡಿಗೆ ಮನೆಯಲ್ಲಿ. ಮಹಡಿಯ ಮೇಲಿನವರ ನಾಯಿಗೆ ಹೋದ ವರ್ಷ ಇದೇ ಕಾಯಿಲೆ ಬಂದು, ಮೊಣಕಾಲಿಗೆ ಲೋಹದ ಪಟ್ಟಿ ಕೂರಿಸಿದರು. ಈಗ ಮೆಟ್ಟಿಲು ಹತ್ತುತ್ತದೆ. ನಮ್ಮ ಮನೆಯ ನಾಯಿಗೂ ಹೀಗೇ ಆಗಿತ್ತು ಎಂದೆ. "ಆಗೆಲ್ಲ ಆಪರೇಷನ್ ಇರ್ಲಿಲ್ಲ ಅಲ್ವಾ ತಾತ, ಪಾಪ," ಎಂದು ಆ ಮನೆಯ ಹುಡುಗಿ ಹೇಳಿದಳು. ಹೌದಮ್ಮ, ಇರಲಿಲ್ಲ ಎಂದೆ. ಆಪರೇಷನ್ ಬೇಕಾಗಿರಲಿಲ್ಲ, ಇನ್ನು ಐದಾರು ವಾರ ಸುಮ್ಮನೆ ಕಟ್ಟಿಹಾಕಿದ್ದರೆ ಸಾಕಾಗಿತ್ತು ಎಂದು ಹೇಳಲಿಲ್ಲ.

ಹೇಳಲು ನಿಜವಾದ ಅವಕಾಶ ಸಿಕ್ಕಿದ್ದು ಒಮ್ಮೆ. ಅಪ್ಪನ ಕೊನೆಯ ವರ್ಷ, ಇದೇ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ. ಸೊಂಟದ ಮೂಳೆ ಮುರಿದು ಮಲಗಿದ್ದರು. ಮಧ್ಯಾಹ್ನದ ಹೊತ್ತು, ನನ್ನ ಹೆಂಡತಿ ಗಂಜಿ ತಂದಿಟ್ಟು ಹೋಗಿದ್ದಳು. ಅಪ್ಪ ಕಿಟಕಿಯ ಕಡೆ ನೋಡುತ್ತಾ ಹೇಳಿದರು.

"ಚನ್ನ, ಆ ನಾಯಿನ ನಾನು ಆತುರಪಟ್ಟು ಬಿಚ್ಚಿಬಿಟ್ಟೆ ಕಣೋ."

ನಾಯಿಯ ಹೆಸರು ಹೇಳಬೇಕಾಗಿರಲಿಲ್ಲ. ನಡುವೆ ಮೂವತ್ತೈದು ವರ್ಷ ಕಳೆದಿತ್ತು.

"ಹಳೇದು ಬಿಡಿ ಅಪ್ಪ."

"ಇಲ್ಲ, ನೆಟ್ಟಗೆ ಕೂತಿತ್ತು. ಈಗಲೂ ಕಣ್ಣ ಮುಂದೆ ಇದೆ. ಹಾಗೆ ಕಂಡಿದ್ದು ಹೇಗೆ ಅಂತ ಯೋಚನೆ ಮಾಡ್ತಾ ಇರ್ತೀನಿ. ನನಗೆ ಬೇಕಾಗಿತ್ತಲ್ಲ, ಅದಕ್ಕೇ ಕಂಡಿತೋ ಏನೋ." ನನ್ನ ಕಡೆ ತಿರುಗಿದರು. "ನೀನೂ ಅಲ್ಲೇ ಇದ್ದೆಯಲ್ಲ. ನಿನಗೂ ಹಾಗೇ ಕಂಡಿತಾ?"

ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅವರ ಕಣ್ಣು ತಿಳಿಯಾಗಿತ್ತು. ಅವರು ನನ್ನನ್ನು ಪರೀಕ್ಷಿಸುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು.

"ಹೌದಪ್ಪ," ಎಂದೆ. "ನನಗೂ ಹಾಗೇ ಕಂಡಿತು."

ಅವರು ತಲೆಯಾಡಿಸಿದರು. ಆ ಉತ್ತರದಿಂದ ಅವರಿಗೆ ಒಂದಿಷ್ಟು ನೆಮ್ಮದಿಯಾದಂತೆ ಕಂಡಿತು. ಗಂಜಿ ಆರುತ್ತಿತ್ತು. ನಾನು ಒಂದು ಚಮಚ ತೆಗೆದುಕೊಂಡು, ಉಫ್ ಎಂದು ಊದಿ, ಅವರ ಬಾಯಿಯ ಹತ್ತಿರ ಹಿಡಿದೆ. ಬಿಸಿಯಿದೆಯೇ, ಉಪ್ಪಿದೆಯೇ ಎಂದು ಅವರು ಕೇಳಲಿಲ್ಲ. ಬಾಯಿ ತೆರೆದರು.